ಕಾಳಿ ಅಳಿವೆಯಲ್ಲಿ ಮೂರು ಹಂಗಾಮು: 10 ಅಡಿ ಕಯಾಕ್, 36 ರಿವೆಟ್

ಕಾರವಾರದ ಕಾಳಿ ಅಳಿವೆಯಲ್ಲಿ ಗಾಳ ಹಾಕಿ ದಡಕ್ಕೆ ಬಂದೊಡನೆ ನನ್ನ ಕಯಾಕಿನ (ಪ್ಲಾಸ್ಟಿಕ್ಕಿನ ಪುಟ್ಟ ದೋಣಿ) ಮೂತಿ ಎತ್ತಿ ಹಿಡಿದು, ಹಿಂಬದಿಯ ಬಿರಡೆ ಬಿಚ್ಚಿ, ಹೊಟ್ಟೆಯೊಳಗೆ ಸೇರಿದ ನೀರನ್ನು ಒಂದು ಲೀಟರಿನ ಚೊಂಬಿಗೆ ಹಿಡಿಯುವುದು ರೂಢಿ. ಎಷ್ಟು ಚೊಂಬು ಎಂದು ಬರೆದಿಡುತ್ತೇನೆ. ಹೊಸದಿದ್ದಾಗ ಅರ್ಧ ಲೋಟ ಬರುತ್ತಿತ್ತು, ಅಷ್ಟು ಯಾವ ಕಯಾಕಿಗೂ ಸಹಜ. ಮೊದಲ ಹಂಗಾಮು ಮುಗಿಯುವ ಹೊತ್ತಿಗೆ ನಾಲ್ಕು ಗಂಟೆ ನೀರಿನಲ್ಲಿದ್ದು ಬಂದರೆ ಆರೇಳು ಚೊಂಬು. ಈ ವಿಮರ್ಶೆಯ ಬಹುಪಾಲು ಆ ಆರೇಳು ಚೊಂಬಿನ ಬಗ್ಗೆಯೇ ಇರುತ್ತದೆ.

ಚೊಂಬಿನ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡಿ. ಉಪ್ಪಿದ್ದರೆ ಅಳಿವೆಯಲ್ಲೇ ಒಳಗೆ ಬಂದದ್ದು. ಸಪ್ಪೆಯಿದ್ದರೆ ಹಿಂದಿನ ಸಲ ಬಾವಿ ನೀರಿನಲ್ಲಿ ತೊಳೆಯುವಾಗ ಮುಚ್ಚಳದ ಸಂದಿಯಿಂದ ಇಳಿದದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ಮಳೆಗಾಲ ಮುಗಿದ ಹೊಸತರಲ್ಲಿ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಆಗ ಮೇಲ್ಭಾಗದಲ್ಲಿ ಕಾಳಿಯ ನೀರೇ ಸಪ್ಪೆ.

ಕಯಾಕ್ ಯಾವುದು ಎಂದರೆ, ಮೇಲೆ ಕೂರುವ ಮಾದರಿ, 10 ಅಡಿ, ಹುಟ್ಟು ಹಾಕುವಂಥದ್ದು. ಈ ಬೆಲೆಯ ಹಲವು ಕಯಾಕ್‌ಗಳಿಗೆ ಇದೇ ಬಗೆಯ ರಿವೆಟ್ ಹೊಡೆದು ಕೊಡುವುದರಿಂದ ಕಂಪನಿಯ ಹೆಸರು ಬರೆಯುತ್ತಿಲ್ಲ. ಅಗಲ, ತೂಕ, ಹೊರುವ ಭಾರ ಎಲ್ಲ ಮಾರಾಟದ ಪುಟದಲ್ಲೇ ಸಿಗುತ್ತದೆ. ಕಯಾಕ್, ಹುಟ್ಟು, ಲೈಫ್ ಜಾಕೆಟ್ ಸೇರಿ 60 ಸಾವಿರ ರೂಪಾಯಿ ದಾಟಬಾರದು ಎಂಬುದು ನನ್ನ ಲೆಕ್ಕ, ಅದಕ್ಕೇ ಪೆಡಲ್ ಇರುವುದನ್ನು ಬಿಟ್ಟೆ. ಈಗ ನೋಡಿದರೆ ಸುಂಕೇರಿ, ಕಡವಾಡದ ಕಡೆಯ ಉಪ್ಪುಹಳ್ಳಗಳಿಗೆ ಹುಟ್ಟೇ ಸರಿ. ಇಳಿತದಲ್ಲಿ ಅಲ್ಲಿ ಮೊಣಕಾಲುದ್ದ ನೀರೂ ಉಳಿಯುವುದಿಲ್ಲ, ಪೆಡಲಿನ ರೆಕ್ಕೆ ಕೆಸರಿಗೆ ಕಚ್ಚಿಕೊಳ್ಳುತ್ತದೆ.

ಈಗ ರಿವೆಟ್. ಕಯಾಕಿನ ಮೈಗೆ ಸಾಮಾನು ಬಿಗಿಯುವ ಲೋಹದ ಕೀಲುಗಳಿವು, ಸಡಿಲಾದರೆ ಆ ತೂತಿನಿಂದಲೇ ನೀರು ಒಳಗೆ ಬರುತ್ತದೆ. ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರ್ ಎರಡಕ್ಕೆ ನಾಲ್ಕು ನಾಲ್ಕರಂತೆ 8, ಸೀಟಿನ ಪಟ್ಟಿ ಕಟ್ಟುವ ಕೊಂಡಿಗಳಿಗೆ 8, ಹಿಂದಿನ ಸಾಮಾನಿನ ಗುಂಡಿಯ ಸುತ್ತ ಇರುವ ಆರು ಕೊಂಡಿಗಳಿಗೆ 12, ಕಾಲೂರುವ ಹಳಿಗೆ 4, ಹಿಡಿಕೆಗಳಿಗೆ 4. ಒಟ್ಟು 36. ಅಷ್ಟೂ ಅಲ್ಯೂಮಿನಿಯಮ್, ಒಳಗಿನ ಮೊಳೆ ಮಾತ್ರ ಸಾದಾ ಕಬ್ಬಿಣ. ರಿವೆಟ್ ಗನ್ನಿನಲ್ಲಿ ಎಳೆದಾಗ ಮೊಳೆಯ ಬಾಲ ತುಂಡಾಗಿ ಹೊರಬರುತ್ತದೆ, ತಲೆಯ ಭಾಗ ರಿವೆಟಿನೊಳಗೇ ಉಳಿಯುತ್ತದೆ. ಉಪ್ಪುನೀರು ತಾಗಿದ ಮೇಲೆ ಆ ತುಂಡು ತುಕ್ಕು ಹಿಡಿದು ಉಬ್ಬುತ್ತದೆ, ಸುತ್ತಲಿನ ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಉದುರುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು: ಬ್ಯಾಟರಿಯ ಒಳಗೆ ನಡೆಯುವ ಕೆಲಸವೇ ಇಲ್ಲೂ ನಡೆಯುತ್ತದೆ, ಸವೆಯುವುದು ಅಲ್ಯೂಮಿನಿಯಮ್. ಸ್ಟೀಲ್ ಕೊಂಡಿ ಹಿಡಿದ ರಿವೆಟ್ ಇನ್ನೂ ಬೇಗ ಹೋಗುತ್ತದೆ. ಕೆರೆಯಲ್ಲಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಇದೇ ಕಯಾಕ್ ಹತ್ತು ವರ್ಷ ಸುಮ್ಮನೆ ನಡೆದೀತು. ಅಳಿವೆಯಲ್ಲಿ ಒಂದೇ ಹಂಗಾಮು.

ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ರಿವೆಟಿನ ತಲೆ ಗಟ್ಟಿಯಾಗೇ ಕೂತಿರುತ್ತದೆ. ಉಗುರಿನಿಂದ ಒತ್ತಿ ತಿರುಗಿಸಿ ನೋಡಿ, ಕೂದಲೆಳೆಯಷ್ಟು ತಿರುಗಿದರೂ ಅದು ಸತ್ತಂತೆಯೇ. ತಲೆಯ ಸುತ್ತ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಪರೀಕ್ಷೆಯೂ ಬೇಡ.

ಪಾತಿ ದೋಣಿಯಲ್ಲಿ ನೀರು ಸೋರಿದರೆ ಕಾಲ ಬುಡದಲ್ಲೇ ಕಾಣುತ್ತದೆ, ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲಬಹುದು. ಕಯಾಕಿನಲ್ಲಿ ನೀರು ಸೇರುವುದು ನಾವು ಕೂತ ಹಲಗೆಯ ಕೆಳಗೆ, ಮುಚ್ಚಿದ ಹೊಟ್ಟೆಯಲ್ಲಿ. ಏಳು ಲೀಟರ್ ಎಂದರೆ ಏಳು ಕಿಲೊ, ಅಷ್ಟು ಭಾರ ಈ ಕಯಾಕಿಗೆ ಲೆಕ್ಕಕ್ಕಿಲ್ಲ. ಆದರೆ ನೀರು ಕಟ್ಟಿಟ್ಟ ಭಾರದಂತೆ ಒಂದೆಡೆ ಕೂರುವುದಿಲ್ಲ. ಮೀನು ಎತ್ತಲು ನೀವು ಎಡಕ್ಕೆ ಬಾಗಿದರೆ ಅದೂ ಎಡಕ್ಕೇ ಓಡುತ್ತದೆ, ಆಮೇಲೆ ನೀವು ನೇರವಾದರೂ ಅದು ಅಲ್ಲೇ ಇರುತ್ತದೆ. 20 ಲೀಟರ್ ಸೇರಿತೆಂದರೆ ಅಗಲವಾದ, ಮಗುಚದ ಕಯಾಕ್ ಎಂದು ಹೊಗಳಿಸಿಕೊಂಡದ್ದೇ ತೊಟ್ಟಿಲಿನಂತೆ ಆಡತೊಡಗುತ್ತದೆ. ಹುಟ್ಟು ಹಾಕುವಾಗ ಮೂತಿ ಸೋಮಾರಿಯಾಗಿ ತಿರುಗಿದರೆ, ಕೂತ ಜಾಗದ ನೀರು ಕೆಳಗಿಳಿಯಲು ಇರುವ ಸ್ಕಪ್ಪರ್ ತೂತುಗಳಿಂದ ದಿನಕ್ಕಿಂತ ಹೆಚ್ಚು ನೀರು ಮೇಲೆ ಬಂದರೆ, ಗಾಳ ಸುತ್ತಿಕೊಂಡು ಹತ್ತಿರದ ದಡಕ್ಕೆ ಹೋಗಿ ಬಿರಡೆ ಬಿಚ್ಚಿ ನೋಡಬೇಕು.

ಮಾರಿದವರನ್ನು ಕೇಳಿದ್ದಕ್ಕೆ ಬಂದ ಉತ್ತರ ಒಂದೇ ಸಾಲು: ಸಿಲಿಕೋನ್ ಹಚ್ಚಿ. ಇಲ್ಲಿ ನನಗೆ ನಿಜವಾಗಿ ಬೇಸರವಾಗಿದೆ. ಕಯಾಕಿನ ಮೈ ಪಾಲಿಎಥಿಲೀನ್, ಅದಕ್ಕೆ ಸಿಲಿಕೋನ್ ಅಂಟುವುದಿಲ್ಲ, ಎಪಾಕ್ಸಿ ಪುಟ್ಟಿಯೂ ಅಂಟುವುದಿಲ್ಲ. ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಹಪ್ಪಳದಂತೆ ಎದ್ದು ಬರುತ್ತದೆ. ಎರಡು ತುಣುಕುಗಳ ನಡುವೆ ಒತ್ತಿ ಹಿಡಿದಾಗ ಮಾತ್ರ ಅದು ಗ್ಯಾಸ್ಕೆಟ್ಟಿನ ಕೆಲಸ ಮಾಡೀತು, ಸಡಿಲವಾದ ರಿವೆಟಿನ ತಲೆಯ ಮೇಲೆ ಬಳಿದರೆ ಪ್ರಯೋಜನವಿಲ್ಲ. ಸಿಲಿಕೋನ್ ಬಳಿದ ಮೇಲೆ ಎರಡು ಸಲ ಚೊಂಬು ತುಂಬಲಿಲ್ಲ, ಮೂರನೇ ಸಲ ಮತ್ತೆ ಐದು. ಪ್ಲಾಸ್ಟಿಕ್ ಮಾರುವವರಿಗೆ ತಮ್ಮ ಪ್ಲಾಸ್ಟಿಕ್ಕಿಗೆ ಏನು ಅಂಟುತ್ತದೆ ಎಂಬುದಾದರೂ ಗೊತ್ತಿರಬೇಕು.

ಸೋರುವ ಜಾಗ ಹುಡುಕಲು ಸುಲಭ ದಾರಿ ಇದೆ. ಕಯಾಕನ್ನು ಎರಡು ಸ್ಟೂಲಿನ ಮೇಲಿಟ್ಟು ಹೊರಮೈ ಬಟ್ಟೆಯಿಂದ ಒರೆಸಿ ಒಣಗಿಸಿ, ಒಳಗೆ ಒಂದು ಕೊಡ ನೀರು ಹೊಯ್ದು ಒಂದೊಂದೇ ಬದಿಗೆ ವಾಲಿಸಿ. ಐದು ನಿಮಿಷ ಹಾಗೇ ಬಿಟ್ಟರೆ ಸೋರುವ ರಿವೆಟಿನ ಸುತ್ತ ಹನಿ ಮೂಡುತ್ತದೆ. ಮೇಲ್ಭಾಗದ ರಿವೆಟ್‌ಗಳಿಗೆ ಸೋಪಿನ ನೀರು ಬೇಕು: ಮುಚ್ಚಳ ಬಿಗಿದು, ಬಿರಡೆಯ ತೂತಿಗೆ ಬಟ್ಟೆ ಸುತ್ತಿ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ತುದಿ ಇಟ್ಟು, ಬ್ರಷ್‌ನಲ್ಲಿ ಸೋಪಿನ ನೀರು ಸವರಿದರೆ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ, ಹೊಟ್ಟೆ ಉಬ್ಬಿ ಜೋಡಣೆ ಬಿಟ್ಟುಕೊಳ್ಳುತ್ತದೆ.

36ರಲ್ಲಿ 24 ಮುಖ್ಯ: ರಾಡ್ ಹೋಲ್ಡರ್, ಹಿಂದಿನ ಗುಂಡಿ, ಕಾಲಿನ ಹಳಿ. ಈ ಮೂರು ಕಡೆ ನೀರು ನಿಲ್ಲುತ್ತದೆ ಅಥವಾ ಸದಾ ಬಡಿಯುತ್ತದೆ. ಸೀಟಿನ ಕೊಂಡಿ, ಹಿಡಿಕೆಗಳದ್ದನ್ನು ನಿಧಾನಕ್ಕೆ ಮಾಡಬಹುದು.

5 ಮಿ.ಮೀ. ಬಿಟ್ ಹಾಕಿ ರಿವೆಟಿನ ತಲೆಯನ್ನಷ್ಟೇ ಕೊರೆಯಿರಿ, ಪ್ಲಾಸ್ಟಿಕ್ ಮುಟ್ಟಬಾರದು. ರಿವೆಟ್ ಸುತ್ತತೊಡಗಿದರೆ ತಲೆಯ ಅಂಚಿಗೆ ಸ್ಕ್ರೂ ಡ್ರೈವರ್ ಒತ್ತಿ ಹಿಡಿಯಬೇಕು. ತಲೆ ಹೋದ ಮೇಲೆ ಉಳಿದದ್ದನ್ನು ಮೊಳೆಯಿಂದ ಒಳಕ್ಕೆ ತಳ್ಳಿ. ಒಳಗೆ ಬಿದ್ದ ತುಂಡುಗಳನ್ನು ಅಲ್ಲಾಡಿಸಿ ಒಂದೊಂದನ್ನೂ ಲೆಕ್ಕ ಹಾಕಿ ಹೊರತೆಗೆಯಿರಿ. ಒಂದು ಉಳಿದರೂ ಅದು ಗಲಗಲ ಸದ್ದು ಮಾಡುತ್ತದೆ, ನಿಂತ ನೀರಿನಲ್ಲಿ ಆ ಸದ್ದಿಗೆ ಶೆವಟೆ ಮೀನಿನ ಹಿಂಡು ಚದುರುತ್ತದೆ.

ಬದಲಿಗೆ ಎಂ5 ದಪ್ಪದ, 20 ಅಥವಾ 25 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಬೋಲ್ಟ್. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎಸ್‌ಎಸ್’ ಎಂದು ಕೊಡುವುದು ಸಾಮಾನ್ಯವಾಗಿ 304, ತಲೆಯ ಮೇಲೆ ‘ಎ2’ ಎಂದಿರುತ್ತದೆ. ಉಪ್ಪುನೀರಿಗೆ ಬೇಕಾದ್ದು 316, ಅದರ ಗುರುತು ‘ಎ4’. ಇದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಚುಕ್ಕೆ ಚುಕ್ಕೆಯಾಗಿ ತಿನ್ನಿಸಿಕೊಳ್ಳುವುದು ಬಹಳ ಕಡಿಮೆ. ಅಯಸ್ಕಾಂತ ಹಿಡಿದು ಎರಡನ್ನೂ ಬೇರೆ ಮಾಡಲಾಗುವುದಿಲ್ಲ, ಅಚ್ಚನ್ನೇ ಓದಬೇಕು. ಬೋಲ್ಟ್, ಒಳಗೆ ನೈಲಾನ್ ಬಳೆ ಇರುವ ಸ್ಟೇನ್‌ಲೆಸ್ ನಟ್, ಅಗಲದ ವಾಷರ್ ಎಲ್ಲ ಸೇರಿ ನನಗೆ 1,800 ರೂಪಾಯಿ ಆಯಿತು.

ರಬ್ಬರ್ ವಾಷರ್ ಕೊಳ್ಳಬೇಡಿ. ಹಳೆಯ ಸೈಕಲ್ ಟ್ಯೂಬ್ ಬ್ಯುಟೈಲ್ ರಬ್ಬರಿನದು, ಗಾಳಿಯನ್ನೇ ಹಿಡಿದಿಡುವಂಥದ್ದು. ಅದನ್ನು ಸೀಳಿ, ಟಾಲ್ಕಮ್ ಪುಡಿ ತೊಳೆದು, ನಾಣ್ಯದಳತೆಗೆ ಕತ್ತರಿಸಿ, ನಡುವೆ ಕಾದ ಮೊಳೆಯಿಂದ ತೂತು ಮಾಡಿದರೆ ಮುಗಿಯಿತು. ತೂತು ಬೋಲ್ಟಿಗಿಂತ ಚಿಕ್ಕದಿರಲಿ, ಬೋಲ್ಟ್ ಅದನ್ನು ಹಿಗ್ಗಿಸಿಕೊಂಡು ಹೋಗಬೇಕು. ಜೋಡಿಸುವ ಕ್ರಮ ಹೊರಗಿನಿಂದ ಒಳಕ್ಕೆ: ಬೋಲ್ಟಿನ ತಲೆ, ಹೋಲ್ಡರ್ ಅಥವಾ ಕೊಂಡಿ, ಟ್ಯೂಬಿನ ತುಂಡು, ಕಯಾಕಿನ ಮೈ, ಅಗಲದ ವಾಷರ್, ನಟ್. ಒಳಗೆ ಅಗಲದ ವಾಷರ್ ಇಲ್ಲದಿದ್ದರೆ ನಟ್ ಪ್ಲಾಸ್ಟಿಕ್ಕಿಗೆ ಇಳಿದುಹೋಗುತ್ತದೆ. ಬೋಲ್ಟಿನ ತಿರುಪಿನ ಎಳೆಗಳಿಗೆ ಒಂದು ಹನಿ ಗ್ರೀಸ್ ಕಡ್ಡಾಯ, ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ಒಣದಾಗಿ ಬಿಗಿದರೆ ಕಚ್ಚಿಕೊಂಡು ಮುಂದೆ ಬಿಚ್ಚಲು ಬರುವುದಿಲ್ಲ. ರಬ್ಬರ್ ಅಂಚಿನಲ್ಲಿ ಸ್ವಲ್ಪ ಉಬ್ಬಿದ ಮೇಲೆ ಕಾಲು ಸುತ್ತು, ಅಷ್ಟೇ. ಪಾಲಿಎಥಿಲೀನ್ ಒತ್ತಡಕ್ಕೆ ನಿಧಾನವಾಗಿ ಬಿಟ್ಟುಕೊಡುವ ವಸ್ತು, ಹಾಗಾಗಿ ಎರಡು ವಾರ ಬಿಟ್ಟು ಎಲ್ಲವನ್ನೂ ಇನ್ನೊಮ್ಮೆ ಬಿಗಿಯಬೇಕು. ಈ ಎರಡನೇ ಬಿಗಿತ ಮರೆತರೆ ಕೆಲಸವೆಲ್ಲ ವ್ಯರ್ಥ.

ಒಳಗೆ ಕೈ ಎಟುಕದ ಕಡೆ ಪಾನಾದ ರಿಂಗಿನಲ್ಲಿ ನಟ್ ಕೂರಿಸಿ ಹಿಂದಿನಿಂದ ಟೇಪ್ ಅಂಟಿಸಿದರೆ ಬೀಳುವುದಿಲ್ಲ. ಪಾನಾವೂ ಎಟುಕದಿದ್ದರೆ ವೆಲ್‌ನಟ್ ಹಾಕಬೇಕು: ರಬ್ಬರಿನ ಬುಡ್ಡಿಯೊಳಗೆ ಹಿತ್ತಾಳೆಯ ನಟ್, ಬೋಲ್ಟ್ ಬಿಗಿದಂತೆ ರಬ್ಬರ್ ಒಳಗೆ ಉಬ್ಬಿ ಕೂರುತ್ತದೆ. ರಬ್ಬರಿನ ದಪ್ಪ ಅಳೆದ ಮೇಲೆ ತೂತು ಕೊರೆಯಿರಿ, ಒಂದು ಮಿ.ಮೀ. ದೊಡ್ಡದಾದರೂ ಅದು ಬೋಲ್ಟಿನ ಜೊತೆ ತಿರುಗುತ್ತದೆ.

ಇದನ್ನೆಲ್ಲ ಮಾಡಿದ ಮೇಲಿನ ಮೊದಲ ಅಳತೆ ಮುಕ್ಕಾಲು ಚೊಂಬು.

ಹೊಟ್ಟೆ ತೆರೆದಾಗಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಬಹುದು. ಬಿರಡೆ ಬಿಗಿದ ಖಾಲಿ 2 ಲೀಟರ್ ಬಾಟಲಿ ಒಂದಕ್ಕೆ ಸುಮಾರು 2 ಕಿಲೊ ತೇಲಿಸುವ ಶಕ್ತಿ ಇದೆ. ಮೂತಿಗೆ ಹತ್ತು, ಹಿಂಬದಿಗೆ ಹತ್ತು ತುಂಬಿ, ಹಳೆ ಬಲೆಯ ತುಂಡಿನಲ್ಲಿ ಕಟ್ಟಿಟ್ಟರೆ ಹೊಟ್ಟೆಗೆ ಪೂರ್ತಿ ನೀರು ನುಗ್ಗಿದರೂ ಕಯಾಕ್ ಮುಳುಗುವುದಿಲ್ಲ. ಥರ್ಮೊಕೋಲ್ ಬೇಡ, ಅದರ ಪುಡಿ ಬಿರಡೆಯ ತೂತು ಕಟ್ಟುತ್ತದೆ, ಕೊನೆಗೆ ಅಳಿವೆ ಸೇರುತ್ತದೆ.

ಸೋರಿಕೆ ನಿಂತ ಮೇಲೆ ಈ ಕಯಾಕಿನ ಒಳ್ಳೆಯತನ ಕಾಣತೊಡಗಿತು. ಇದಕ್ಕೆ ನಾನು ಹಾಕಿದ ಸಾಮಾನುಗಳಲ್ಲಿ ಹಣಕ್ಕೆ ತಕ್ಕ ಸುಖ ಕೊಟ್ಟದ್ದು ಲಂಗರಿನ ಟ್ರಾಲಿ: ಮೂತಿಗೊಂದು, ಹಿಂಬದಿಗೊಂದು ಚಿಕ್ಕ ರಾಟೆ, ಅವುಗಳ ನಡುವೆ 5 ಮಿ.ಮೀ. ಹಗ್ಗದ ಸುತ್ತು, ಸುತ್ತಿನಲ್ಲೊಂದು ರಿಂಗ್. 10 ಅಡಿಗೆ ಆರು ಮೀಟರ್ ಹಗ್ಗ ಸಾಕು. ಲಂಗರಿನ ಹಗ್ಗ ರಿಂಗಿನ ಮೂಲಕ ಹೋಗುವುದರಿಂದ ಕೂತಲ್ಲಿಂದಲೇ ಅದನ್ನು ಮೂತಿಗೋ ಹಿಂಬದಿಗೋ ಸರಿಸಬಹುದು. ಸೆಳೆತ ಜೋರಿದ್ದರೆ ಮೂತಿಗೆ, ಸಣ್ಣದಿದ್ದರೆ ಹಿಂಬದಿಗೆ. ನಡುವೆ ಮಾತ್ರ ಎಂದೂ ಕಟ್ಟಬಾರದು, ಹರಿವು ಅಡ್ಡಮೈಗೆ ಒತ್ತಿ ಮಗುಚುತ್ತದೆ. ಲಂಗರಿನ ಹಗ್ಗ ಕತ್ತರಿಸಲು ಒಂದು ಚಾಕು ಲೈಫ್ ಜಾಕೆಟ್ಟಿನ ಮೇಲೆಯೇ ಇರಲಿ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಹಳ್ಳಗಳಲ್ಲಿ ಲಂಗರೂ ಬೇಡ. ಹೆಬ್ಬೆರಳು ದಪ್ಪದ, ಏಳಡಿಯ ಬಿದಿರಿನ ಗಳದ ತುದಿ ಚೂಪು ಮಾಡಿ ಕೆಸರಿಗೆ ಇಳಿಸಿ, ಟ್ರಾಲಿಯ ರಿಂಗಿಗೆ ಒಂದು ಮೀಟರ್ ಹಗ್ಗದಲ್ಲಿ ಕಟ್ಟಿದರೆ ಸಾಕು. ಸದ್ದಿಲ್ಲ, ಕೆಸರು ಕದಡುವುದಿಲ್ಲ. ಇಳಿತ ಶುರುವಾಗಿ ಅರ್ಧ ಗಂಟೆಗೆ ಹಳ್ಳದ ಬಾಯಿಂದ ಕಂದು ನೀರು ಹೊರಟು ಹೊಳೆಯ ಹಸಿರು ನೀರಿಗೆ ಕೂಡುತ್ತದೆ, ಎರಡರ ನಡುವೆ ಎಲೆ, ನೊರೆ, ಕಡ್ಡಿ ಸೇರಿ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯ ಹಸಿರು ಬದಿಯಲ್ಲಿ ಚೊಣಾಕ್ ಮೀನು ನಿಂತಿರುತ್ತದೆ, ಕಂದು ನೀರಿನ ಜೊತೆ ಇಳಿಯುವ ಶೆಟ್ಲಿಗೆ (ಸಿಗಡಿಗೆ) ಕಾಯುತ್ತ. ಗೆರೆಯ ಮೇಲ್ಗಡೆ ಎಸೆದು, ಹರಿವಿನ ಜೊತೆ ಇಳಿಯಲು ಬಿಟ್ಟು, ಗೆರೆ ದಾಟುವಾಗ ಎರಡು ಸಲ ಜಗ್ಗಿ ನಿಲ್ಲಿಸಬೇಕು. ಕಚ್ಚುವುದು ಹೆಚ್ಚಾಗಿ ಆ ನಿಂತ ಗಳಿಗೆಯಲ್ಲಿ. 10 ಗ್ರಾಂ ತೂಕದ ಗಾಳಕ್ಕೆ ಮೂರೂವರೆ ಇಂಚಿನ ರಬ್ಬರ್ ಮೀನು, 20 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ ದಾರ), ಅದರ ತುದಿಗೆ 40 ಪೌಂಡಿನ ಲೀಡರ್ (ಗಾಳಕ್ಕೆ ಕಟ್ಟುವ ದಪ್ಪ ದಾರ). ಬೇರುಗಳಿಗೆ ಅಂಟಿದ ಕಲ್ವಾ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ, ತಾಂಬ್ಸೊ ಮೀನು ಕಚ್ಚಿದರಂತೂ ನೇರ ಬೇರಿನ ಬುಡಕ್ಕೇ ಓಡುತ್ತದೆ, ಆದ್ದರಿಂದ ಲೀಡರಿನಲ್ಲಿ ಜಿಪುಣತನ ಬೇಡ. ದೋಣಿಯಿಂದ ಮುಟ್ಟಲಾಗದ ಈ ಮೂಲೆಗಳಿಗೆ ಅಂಗೈಯಷ್ಟು ನೀರಿನಲ್ಲೂ ಸರಿದುಹೋಗುವುದು ಈ ಕಯಾಕಿನ ನಿಜವಾದ ಗುಣ. ಕೂತು ಅಲ್ಲಾಡದಿದ್ದರೆ ಹತ್ತು ನಿಮಿಷದಲ್ಲಿ ಶೆವಟೆ ಮರಿಗಳು ಅದರ ನೆರಳಿಗೇ ಬಂದು ಸೇರುತ್ತವೆ.

ಹಳ್ಳದ ಬಾಯಿಗೆ ಬಲೆ ಕಟ್ಟಿದ್ದರೆ ಆ ಹಳ್ಳ ಬಿಟ್ಟುಬಿಡಿ. ಅದು ಅವರ ಅನ್ನ.

ಆಳದಲ್ಲಿ ಒಂದೂವರೆ ಕಿಲೊದ ಮಡಚುವ ಲಂಗರು ಸಾಕು, ಆದರೆ ಹಗ್ಗ ಆಳದ ಐದು ಪಟ್ಟು ಬಿಡಬೇಕು: ನಾಲ್ಕು ಮೀಟರಿಗೆ 20 ಮೀಟರ್. ಹಗ್ಗವನ್ನು ಲಂಗರಿನ ಕೆಳತುದಿಯ ಕಣ್ಣಿಗೆ ಕಟ್ಟಿ, ಮೇಲಿನ ಕಣ್ಣಿಗೆ ತೆಳು ಪ್ಲಾಸ್ಟಿಕ್ ಟೈ ಮಾತ್ರ ಹಾಕಿ. ಕಲ್ಲಿಗೆ ಸಿಕ್ಕಿದಾಗ ಜೋರಾಗಿ ಎಳೆದರೆ ಟೈ ತುಂಡಾಗಿ ಲಂಗರು ಹಿಮ್ಮುಖವಾಗಿ ಬಿಡಿಸಿಕೊಳ್ಳುತ್ತದೆ. ಕಾಳಿ ಸೇತುವೆಯ ಬಳಿ ಮಾತ್ರ ಯಾವ ಉಪಾಯವೂ ಬೇಡ. ಕಂಬಗಳ ಹಿಂದೆ ಸುಳಿ ಇರುತ್ತದೆ, 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಜಾಗ ಅದು. ಕಾಂಕ್ರೀಟು, ಸರಳುಗಳ ಭಯವಿರುವಲ್ಲಿ ಲಂಗರು ಇಳಿಸುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಬೈತಖೋಲದ ದಕ್ಷಿಣಕ್ಕೆ, ಅರ್ಗಾದ ನೌಕಾನೆಲೆಯ ಕಡೆಗೂ ಹೋಗಬಾರದು.

ಹುಟ್ಟಿನ ಕಯಾಕ್ ಗಂಟೆಗೆ ನಾಲ್ಕೈದು ಕಿ.ಮೀ. ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಇಳಿತಕ್ಕೆ ಎದುರಾಗಿ ಅಳಿವೆಯಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ನಿಂತಿರಬೇಕಾಗುತ್ತದೆ. ಹೊಸಬರು ಅಷ್ಟಮಿಯ ಆಚೀಚೆ ಹೋಗಲಿ, ಆಗ ಸೆಳೆತ ಕಡಿಮೆ. ಕೋಡಿಬಾಗದಿಂದ ಉಬ್ಬರದ ಜೊತೆ ಮೇಲಕ್ಕೆ, ಇಳಿತದ ಜೊತೆ ಕೆಳಕ್ಕೆ ಎಂಬುದು ಎಲ್ಲರಿಗೂ ಹೊಳೆಯುವ ಲೆಕ್ಕ. ಅದರಲ್ಲಿ ಒಂದು ತೊಡಕಿದೆ. ಬಿಸಿಲೇರಿದ ಮೇಲೆ ಪಡುಗಾಳಿ ಶುರುವಾಗುತ್ತದೆ, ನೀರು ಪಡುವಣಕ್ಕೆ ಓಡುವಾಗ ಗಾಳಿ ಮೂಡಣಕ್ಕೆ ತಳ್ಳಿದರೆ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಹತ್ತೂವರೆಯೊಳಗೆ ದಡ ಸೇರಬಹುದಾದ ಇಳಿತವಿದ್ದರೆ ಮಾತ್ರ ಇಳಿಯಿರಿ. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಹದಿನೈದು ದಿನಕ್ಕೆ ನಾಲ್ಕೈದು ಬೆಳಗು ಸಿಕ್ಕರೆ ಹೆಚ್ಚು. ಮೇಲೆ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಇದ್ದ ದಿನ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಶಿರಸಿಯವರು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಬರುವುದಾದರೆ ಅಘನಾಶಿನಿಗೆ ಅಣೆಕಟ್ಟಿನ ಚಿಂತೆ ಇಲ್ಲ, ಬರೀ ಉಬ್ಬರ-ಇಳಿತ ನೋಡಿದರಾಯಿತು. ಕಾರಿನ ಮೇಲೆ ಕಟ್ಟುವಾಗ ಅಡ್ಡ ಪಟ್ಟಿ ಎರಡು, ಮೂತಿಗೆ ಮತ್ತು ಹಿಂಬದಿಗೆ ಒಂದೊಂದು ಹಗ್ಗ ಬೇಕೇ ಬೇಕು, ಘಾಟಿಯ ತಿರುವುಗಳಲ್ಲಿ ಅಡ್ಡ ಪಟ್ಟಿ ಮಾತ್ರ ಸಾಲದು. ಮುಟ್ಟಿದ ಕೂಡಲೇ ಪಟ್ಟಿ ಸಡಿಲಿಸಿ, ಬಿಸಿಲಿನಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ತಗ್ಗು ಬೀಳುತ್ತದೆ. ಸ್ಕಪ್ಪರ್ ತೂತಿಗೆ ಕಂಬ ಸಿಕ್ಕಿಸುವ ಚಕ್ರದ ಗಾಡಿ ಕೊಳ್ಳಬೇಡಿ, ಮೈಯ ತೆಳುಭಾಗಗಳಲ್ಲಿ ಆ ತೂತಿನ ಗೋಡೆಯೂ ಒಂದು, ಮರಳಿನಲ್ಲಿ ಎಳೆಯುವಾಗ ಸೀಳುತ್ತದೆ. ಹಾಗೆ ಸೀಳಿದರೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಬೆಸೆಯಬೇಕು.

ತೊಳೆಯುವುದು ಹೀಗೆ. ಚೊಂಬಿನ ಅಳತೆ ಮುಗಿದ ಮೇಲೆ ನಾಲ್ಕು ಕೊಡ ಬಾವಿ ನೀರು: ಒಂದು ಸೀಟಿಗೆ, ಒಂದು ಹಳಿ ಮತ್ತು ರಾಟೆಗಳಿಗೆ, ಒಂದು ಹಿಂದಿನ ಗುಂಡಿಗೆ, ಒಂದು ರಾಡ್ ಹೋಲ್ಡರಿನ ಒಳಕ್ಕೆ. ರೀಲಿಗೆ ನೀರು ಜೋರಾಗಿ ಹೊಡೆಯಬಾರದು, ಉಪ್ಪು ಇನ್ನೂ ಒಳಕ್ಕೆ ಹೋಗುತ್ತದೆ. ಡ್ರ್ಯಾಗ್ (ರೀಲಿನ ದಾರ ತಡೆಯುವ ತಿರುಪು) ಬಿಗಿದು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ. ಮುಚ್ಚಳ, ಬಿರಡೆ ಎರಡನ್ನೂ ತೆಗೆದು, ಕಯಾಕನ್ನು ಮಗ್ಗುಲಾಗಿ ನೆರಳಿನಲ್ಲಿ ಮಲಗಿಸಬೇಕು. ಮುಚ್ಚಿಟ್ಟರೆ ಏಪ್ರಿಲ್ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಅದೇ ಬೋಲ್ಟ್‌ಗಳ ರಬ್ಬರನ್ನು ಒತ್ತುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಆದರೂ ಕಯಾಕಿಗೂ ಅದೇ ವಿಶ್ರಾಂತಿ, ನಾನು ಸೆಪ್ಟೆಂಬರ್ ಮುಗಿಯುವವರೆಗೂ ಇಳಿಸುವುದಿಲ್ಲ. ಆ ತಿಂಗಳುಗಳಲ್ಲಿ ರಾಡ್ ಹೋಲ್ಡರಿಗೆ ಬಟ್ಟೆ ತುರುಕಿ ಇಡಿ, ಇಲ್ಲವಾದರೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ.

ಹೊಸದಾಗಿ ಕೊಳ್ಳುವವರಿಗೆ: ಮೈ ಗಟ್ಟಿ, ಕೂರಲು ಹಿತ, ಈ ಬೆಲೆಗೆ ಒಳ್ಳೆಯ ಕಯಾಕ್. ನೀರಿಗಿಳಿಸುವ ಮೊದಲೇ ಆ 24 ರಿವೆಟ್ ಬದಲಿಸಿ, 1,800 ರೂಪಾಯಿಯನ್ನು ಕಯಾಕಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ನನ್ನ ಅಂಕ ಐದಕ್ಕೆ ಮೂರೂವರೆ. ಕಂಪನಿಯೇ ಎ4 ಬೋಲ್ಟ್ ಹಾಕಿ ಕೊಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಈ ಹಂಗಾಮಿನ ಅಳತೆ ಒಂದು ಲೋಟದಿಂದ ಒಂದೂವರೆ ಲೋಟ, ರುಚಿ ಸಪ್ಪೆ. ಅಂದರೆ ಈಗ ಬರುತ್ತಿರುವುದು ಬಾವಿಯ ನೀರು, ಮುಂದಿನ ಮುಚ್ಚಳದ ರಬ್ಬರ್ ಮೂರು ವರ್ಷಕ್ಕೆ ಚಪ್ಪಟೆಯಾಗಿದೆ. ಫ್ರಿಜ್ ಬಾಗಿಲಿನ ರಬ್ಬರ್ ಅದಕ್ಕೆ ಕೂರುವುದಿಲ್ಲ, ನೋಡಿದ್ದಾಯಿತು. 8 ಮಿ.ಮೀ. ದಪ್ಪದ ಸ್ಪಂಜಿನಂಥ ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ದುಂಡು ಪಟ್ಟಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮುಚ್ಚಳದ ಸುತ್ತಳತೆಗಿಂತ ಅರ್ಧ ಇಂಚು ಉದ್ದ ಕತ್ತರಿಸಿ, ತುದಿಗಳನ್ನು ಓರೆಯಾಗಿ ಸೇರಿಸಿ ಕೂರಿಸಬೇಕು, ಕೂಡುವ ಜಾಗ ಮೂತಿಯ ಕಡೆಗಲ್ಲ, ಸೀಟಿನ ಕಡೆಗೆ ಬರುವಂತೆ.